ಹೊರದೇಶಕ್ಕೆ ಕಳಿಸುವವರಿಗೆ ಕಷ್ಟಭತ್ಯೆ: ನ್ಯಾಯವಾಗಿ ಲೆಕ್ಕ ಹಾಕುವುದು ಹೇಗೆ?

ನಾನು ಮಾಡಿದ ಮೊದಲ ಭತ್ಯೆ ಪಟ್ಟಿ ಹಳ್ಳ ಹಿಡಿದದ್ದು ವಿರಾಜಪೇಟೆಯ ಒಂದು ಮದುವೆ ಮನೆಯಲ್ಲಿ. ನಮ್ಮ ಇಬ್ಬರು ಫಿಟ್ಟರ್‌ಗಳು ಆಗ ಉಗಾಂಡಾದಲ್ಲಿದ್ದರು. ಒಂದೇ ಊರು, ಒಂದೇ ಕೆಲಸ, ಒಂದೇ ಬಾಡಿಗೆ ಮನೆ. ಇಲ್ಲಿ ಊಟದ ಸಾಲಿನಲ್ಲಿ ಅವರ ಹೆಂಡತಿಯರು ಅಕ್ಕಪಕ್ಕ ಕೂತಿದ್ದರು. ಪಂದಿಕರಿ ಬಡಿಸಿ ಮುಗಿಯುವಷ್ಟರಲ್ಲಿ ಒಬ್ಬನಿಗೆ ತಿಂಗಳಿಗೆ ಆರು ಸಾವಿರ ಜಾಸ್ತಿ ಬರುತ್ತಿದೆ ಅನ್ನುವುದು ಇಬ್ಬರಿಗೂ ಗೊತ್ತಾಗಿತ್ತು. ಸೋಮವಾರ ಬೆಳಿಗ್ಗೆ ಉಗಾಂಡಾದಿಂದ ನನಗೆ ಫೋನ್. "ಮೇಡಂ, ಅವನನ್ನು ಕಚ್ಚೋ ಸೊಳ್ಳೆ ಬೇರೆ, ನನ್ನನ್ನು ಕಚ್ಚೋ ಸೊಳ್ಳೆ ಬೇರೆನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಬ್ಬ ಹೊರಡುವ ಮುಂಚೆ ಚೌಕಾಶಿ ಮಾಡಿದ್ದ. ಇನ್ನೊಬ್ಬ ಕೊಟ್ಟಷ್ಟಕ್ಕೆ ಸಹಿ ಹಾಕಿ ಹೊರಟಿದ್ದ. ವ್ಯತ್ಯಾಸ ಅಷ್ಟೇ.

ಕೊಡಗಿನ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಯಂತ್ರಗಳ ಒಂದು ಸಣ್ಣ ಕಂಪನಿಯ ಎಚ್‌ಆರ್ ಕೆಲಸ ನನ್ನದು. ಪಲ್ಪರ್, ಹಲ್ಲರ್, ಡ್ರೈಯರ್ ಕೂರಿಸಲು ನಮ್ಮ ಹುಡುಗರು ಆಫ್ರಿಕಾಕ್ಕೆ ಹೋಗುತ್ತಾರೆ, ಕೆಲವರು ವರ್ಷಗಟ್ಟಲೆ ಇರುತ್ತಾರೆ. ದೊಡ್ಡ ಕಂಪನಿಗಳು ಭತ್ಯೆಯ ಲೆಕ್ಕಕ್ಕೆ ಸಲಹೆಗಾರರನ್ನು ಇಟ್ಟುಕೊಳ್ಳುತ್ತವೆ. ಐದು, ಹತ್ತು ಜನರನ್ನು ಕಳಿಸುವ ನಮ್ಮಂಥವರು ಕೈಯಲ್ಲೇ ಲೆಕ್ಕ ಹಾಕಬೇಕು. ಆ ಫೋನ್ ಬಂದ ಮೇಲೆ ಬಿದ್ದು ಎದ್ದು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದರ ತಿರುಳು ಒಂದೇ: ಊರನ್ನು ಅಳೆಯಿರಿ, ಆಳನ್ನಲ್ಲ. ಯಾರು ಹೋಗುತ್ತಾರೆ ಅಂತ ಗೊತ್ತಾಗುವ ಮೊದಲೇ ಆ ಊರಿಗೆ ಎಷ್ಟು ಅಂತ ಬರೆದಿಟ್ಟಿರಬೇಕು.

ಹೆಜ್ಜೆ 1: ಕಷ್ಟದ ದುಡ್ಡನ್ನು ಬೇರೆ ದುಡ್ಡಿನ ಜೊತೆ ಬೆರೆಸಬೇಡಿ

ಹೊರದೇಶಕ್ಕೆ ಹೋಗುವವರಿಗೆ ನಾಲ್ಕೈದು ತರದ ಹಣ ಹೋಗುತ್ತದೆ. ಅಲ್ಲಿ ಅಕ್ಕಿ, ಬಾಡಿಗೆ ದುಬಾರಿ ಅಂತ ಕೊಡುವುದು ಜೀವನವೆಚ್ಚದ ಭತ್ಯೆ. ನಾಲ್ಕು ದಿನದ ಓಡಾಟಕ್ಕೆ ಕೊಡುವುದು ದಿನಭತ್ಯೆ. ಗುಂಡು ಹಾರುವ ಕಡೆ ಇದ್ದರೆ ಅಪಾಯಭತ್ಯೆ. ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಆಗದಿದ್ದರೆ ಅದಕ್ಕೊಂದು. ಕಷ್ಟಭತ್ಯೆ ಇವ್ಯಾವುದೂ ಅಲ್ಲ. ದುಡ್ಡಿದ್ದರೂ ಕೊಳ್ಳಲು ಸಿಗದ ಸೌಕರ್ಯಕ್ಕೆ ಕೊಡುವ ಪರಿಹಾರ ಅದು. ಟೋಕಿಯೋ ತುಂಬಾ ದುಬಾರಿ ಊರು, ಆದರೆ ಕಷ್ಟದ ಊರಲ್ಲ. ಕಾಡಂಚಿನ ಒಂದು ಹಳ್ಳಿಯಲ್ಲಿ ಜೀವನ ಅಗ್ಗ ಇರಬಹುದು, ಬದುಕು ಕಷ್ಟ ಇರಬಹುದು.

ಎಲ್ಲ ಸೇರಿಸಿ "ಫಾರಿನ್ ಅಲೋವೆನ್ಸ್" ಅಂತ ಒಂದೇ ಸಾಲು ಬರೆದರೆ ಮೊದಲಿಗೆ ಸುಲಭ, ಆಮೇಲೆ ಒದ್ದಾಟ. ಡಾಲರ್ ಏರಿದಾಗ ಯಾವ ಭಾಗ ಹೆಚ್ಚಿಸುವುದು? ಊರಿಗೆ ಕರೆಂಟ್ ಬಂದಾಗ ಯಾವ ಭಾಗ ಕಡಿಮೆ ಮಾಡುವುದು? ಪೇಸ್ಲಿಪ್‌ನಲ್ಲಿ ಒಂದೊಂದಕ್ಕೂ ಒಂದೊಂದು ಸಾಲು ಇರಲಿ.

ಹೆಜ್ಜೆ 2: ಎಲ್ಲಿಂದ ಅಳೆಯುತ್ತೀರಿ?

ಕಷ್ಟ ಅಂದರೆ ಯಾವುದಕ್ಕೆ ಹೋಲಿಸಿದರೆ ಕಷ್ಟ? ಬೆಂಗಳೂರಿನ ಒಳ್ಳೆಯ ಬಡಾವಣೆಗೆ ಹೋಲಿಸಿದರೆ ಭಾಗಮಂಡಲವೇ ಕಷ್ಟದ ಊರು. ಮಳೆಗಾಲದಲ್ಲಿ ಕಾವೇರಿ ಉಕ್ಕಿ ರಸ್ತೆ ಮುಳುಗುತ್ತದೆ, ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಫೋನ್ ಸಿಗ್ನಲ್ಲೂ ಹೋಗಿರುತ್ತದೆ. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ದೊಡ್ಡ ಕಾಯಿಲೆ ಅಂದರೆ ಮಡಿಕೇರಿಯಿಂದ ನೂರಿಪ್ಪತ್ತು ಕಿಲೋಮೀಟರ್ ಇಳಿದು ಮೈಸೂರಿಗೋ, ಸಂಪಾಜೆ ಘಾಟಿ ಇಳಿದು ಮಂಗಳೂರಿಗೋ ಓಡುತ್ತೇವೆ.

ಹಾಗಾಗಿ ತಳಮಟ್ಟ ಒಂದೇ ಇರಲಿ, ಅದು ಕಂಪನಿ ಇರುವ ಊರಾಗಿರಲಿ. ನಮಗೆ ಅದು ಕುಶಾಲನಗರ. ಕುಶಾಲನಗರದಲ್ಲಿ ಸಿಗುವುದು ಅಲ್ಲೂ ಸಿಕ್ಕರೆ ಸೊನ್ನೆ ಅಂಕ. ಸಿಗದಿದ್ದಷ್ಟಕ್ಕೆ ಅಂಕ.

ಇಲ್ಲೊಂದು ಬಲೆ ಇದೆ. "ಅವನು ಕುಟ್ಟದ ಕಡೆಯ ಹುಡುಗ, ಕಾಡು, ಕತ್ತಲೆ ಅವನಿಗೆ ಹೊಸದಾ? ಅವನಿಗೆ ಕಡಿಮೆ ಕೊಟ್ಟರೂ ನಡೆಯುತ್ತೆ" ಅಂತ ನಮ್ಮ ಮಾಲೀಕರೇ ಒಮ್ಮೆ ಹೇಳಿದ್ದರು. ನಡೆಯಲ್ಲ. ಕಷ್ಟ ತಡೆದುಕೊಳ್ಳುವವನಿಗೆ ಕಡಿಮೆ, ಗೊಣಗುವವನಿಗೆ ಜಾಸ್ತಿ ಅಂತ ಆದರೆ ಮುಂದಿನ ಸಲ ಎಲ್ಲರೂ ಗೊಣಗುತ್ತಾರೆ. ಕುವೈತ್‌ಗೆ ಹೊರಟಿದ್ದ ಒಬ್ಬ ಕೊಡವ ಹುಡುಗ "ಅಲ್ಲಿ ಪಂದಿಯೂ ಇಲ್ಲ, ಪೆಗ್ಗೂ ಇಲ್ಲ, ಅದಕ್ಕೂ ಭತ್ಯೆ ಕೊಡಿ" ಅಂತ ಅರ್ಧ ತಮಾಷೆಗೆ ಕೇಳಿದ್ದ. ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಅದು ಆಳಿನ ಕಷ್ಟ, ಊರಿನದ್ದಲ್ಲ.

ಹೆಜ್ಜೆ 3: ಊರಿಗೆ ಅಂಕ ಹಾಕಿ

ಇದೇ ದೊಡ್ಡ ಕೆಲಸ. ಸೊನ್ನೆಯಿಂದ ಶುರು ಮಾಡಬೇಕಿಲ್ಲ. ವಿಶ್ವಸಂಸ್ಥೆ ತನ್ನ ನೌಕರರು ಇರುವ ಊರುಗಳನ್ನು ಎಚ್, ಎ, ಬಿ, ಸಿ, ಡಿ, ಇ ಅಂತ ವಿಂಗಡಿಸುತ್ತದೆ. ಎಚ್ ಮತ್ತು ಎ ಊರುಗಳಿಗೆ ಕಷ್ಟಭತ್ಯೆ ಇಲ್ಲ. ಬಿ ಇಂದ ಶುರುವಾಗಿ ಇ ವರೆಗೆ ಏರುತ್ತದೆ. ನೋಡುವುದು ಭದ್ರತೆ, ಆರೋಗ್ಯ, ಶಾಲೆ, ಮನೆ, ಹವೆ, ದೂರ ಮತ್ತು ಅಲ್ಲಿನ ದಿನನಿತ್ಯದ ಸ್ಥಿತಿ. ಅಮೆರಿಕದ ವಿದೇಶಾಂಗ ಇಲಾಖೆಯೂ ಊರುಗಳಿಗೆ ಮೂಲವೇತನದ ಶೇ 5ರಿಂದ ಶೇ 35ರವರೆಗೆ, ಐದೈದರ ಮೆಟ್ಟಿಲಲ್ಲಿ ದರ ಕಟ್ಟಿದೆ. ಎರಡೂ ಪಟ್ಟಿಗಳು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಮೊದಲು ಅಲ್ಲಿ ನೋಡಿ.

ಆದರೆ ಎಲ್ಲ ಸಣ್ಣ ಊರುಗಳೂ ಆ ಪಟ್ಟಿಗಳಲ್ಲಿ ಇರುವುದಿಲ್ಲ. ನಮ್ಮ ಹುಡುಗ ಇರುವುದು ಉಗಾಂಡಾದ ರಾಜಧಾನಿ ಕಂಪಾಲಾದಲ್ಲಲ್ಲ. ಅಲ್ಲಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಎಂಬಾಲೆ ಊರು ದಾಟಿ, ಎಲ್ಗಾನ್ ಬೆಟ್ಟದ ಇಳಿಜಾರಿನ ಒಂದು ಕಾಫಿ ವಾಷಿಂಗ್ ಸ್ಟೇಷನ್ನಿನಲ್ಲಿ. ಅದಕ್ಕೆ ಅಂಕ ನೀವೇ ಹಾಕಬೇಕು.

ನಾನು ಒಟ್ಟು ನೂರು ಅಂಕ ಇಟ್ಟುಕೊಂಡಿದ್ದೇನೆ. ಆರೋಗ್ಯಕ್ಕೆ 25, ಭದ್ರತೆಗೆ 20, ದೂರ ಮತ್ತು ಒಂಟಿತನಕ್ಕೆ 15, ಮನೆ-ನೀರು-ಕರೆಂಟಿಗೆ 15, ಕುಟುಂಬ ಮತ್ತು ಶಾಲೆಗೆ 15, ಹವೆಗೆ 5, ಊಟ-ಸಾಮಾನು-ಭಾಷೆಗೆ 5. ಈ ಹಂಚಿಕೆ ನನ್ನದು. ನಿಮ್ಮ ಕೆಲಸಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿ. ಆದರೆ ಒಂದು ಸಲ ಇಟ್ಟ ಮೇಲೆ ಎಲ್ಲ ಊರಿಗೂ ಅದೇ ತಕ್ಕಡಿ.

ಅಂಕ ಹಾಕುವಾಗ "ಆರೋಗ್ಯ ಸೌಲಭ್ಯ ಹೇಗಿದೆ?" ಅಂತ ಕೇಳಬೇಡಿ. "ಪರವಾಗಿಲ್ಲ" ಅನ್ನುವ ಉತ್ತರ ಬರುತ್ತದೆ. ನಾನು ಹೀಗೆ ಕೇಳುತ್ತೇನೆ: ರಾತ್ರಿ ಎರಡು ಗಂಟೆಗೆ ಅಪೆಂಡಿಕ್ಸ್ ನೋವು ಬಂತು. ಗಾಡಿ ಯಾರದ್ದು? ರಸ್ತೆ ಹೇಗಿದೆ? ಆಪರೇಷನ್ ಮಾಡುವ ಡಾಕ್ಟರ್ ಹತ್ತಿರ ತಲುಪಲು ಎಷ್ಟು ಹೊತ್ತು? ಒಂದು ಗಂಟೆಯೊಳಗೆ ಅಂದರೆ ಸೊನ್ನೆ, ಯಾಕೆಂದರೆ ನಮಗೂ ಹೆಚ್ಚುಕಮ್ಮಿ ಅಷ್ಟೇ ಬೇಕು. ಮೂರು ಗಂಟೆ ಅಂದರೆ ಎಂಟು ಅಂಕ. ಆರು ಗಂಟೆ ಮೀರಿದರೆ ಹದಿನೈದು. ಉಳಿದ ಹತ್ತು ಅಂಕ ಮಲೇರಿಯಾದಂಥ ಕಾಯಿಲೆಗೆ, ಕುಡಿಯುವ ನೀರಿಗೆ, ಔಷಧಿ ಅಂಗಡಿಗೆ. ಉಗಾಂಡಾದ ಮಲೇರಿಯಾವನ್ನು ನಮ್ಮ ಸಾಮಾನ್ಯ ಜ್ವರದ ಹಾಗೆ ನೋಡಬೇಡಿ. ಅಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಂ ಅನ್ನುವ ಬಗೆ, ತಡ ಮಾಡಿದರೆ ಜೀವಕ್ಕೇ ಕುತ್ತು.

ಕರೆಂಟಿಗೂ ಹೀಗೆಯೇ. "ಕರೆಂಟ್ ಇದೆಯಾ?" ಅಲ್ಲ, "ನಿನ್ನೆ ಎಷ್ಟು ಗಂಟೆ ಇತ್ತು?" ಅಂತ ಕೇಳಿ. ಒಂಟಿತನಕ್ಕೆ: ಕನ್ನಡವೋ ಹಿಂದಿಯೋ ಮಾತಾಡುವ ಇನ್ನೊಬ್ಬ ಮನುಷ್ಯ ಎಷ್ಟು ದೂರದಲ್ಲಿದ್ದಾನೆ? ಮನೆಗೆ ವಿಡಿಯೋ ಕಾಲ್ ಹೋಗುತ್ತಾ, ಬರೀ ಮೆಸೇಜ್ ಹೋಗುತ್ತಾ?

ಹವೆಗೆ ಐದೇ ಅಂಕ ಯಾಕೆ ಅಂತ ಕೆಲವರು ಕೇಳುತ್ತಾರೆ. ಹವೆ ಬಗ್ಗೆ ಎಲ್ಲರೂ ಜಾಸ್ತಿ ಮಾತಾಡುತ್ತಾರೆ, ಆದರೆ ಹೆಚ್ಚಿನ ಕಡೆ ಒಂದೆರಡು ತಿಂಗಳಲ್ಲಿ ಮೈ ಒಗ್ಗುತ್ತದೆ. ಎಲ್ಗಾನ್ ಇಳಿಜಾರು ನಮ್ಮವರಿಗೆ ಮನೆಯ ಹಾಗೇ ಅನಿಸುತ್ತದೆ: ಮಂಜು, ಕಾಫಿ ಗಿಡ, ಬಾಳೆ, ಕೆಂಪು ಮಣ್ಣು. ಇಥಿಯೋಪಿಯಾದ ಅಡಿಸ್ ಅಬಾಬಾ ಮಡಿಕೇರಿಗಿಂತ ಎರಡು ಪಟ್ಟು ಎತ್ತರದಲ್ಲಿದೆ. ಮೊದಲ ವಾರ ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಸರಿಹೋಗುತ್ತದೆ. ಕೊಲ್ಲಿ ದೇಶಗಳು ಮಾತ್ರ ಬೇರೆ ಲೆಕ್ಕ. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈನಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಅಲ್ಲಿ ಹವೆಗೆ ಐದಕ್ಕೆ ಐದೂ ಕೊಡುತ್ತೇನೆ.

ಭದ್ರತೆಗೆ ಅಂಕ ಹಾಕುವಾಗ ಕಳ್ಳತನ, ರಾತ್ರಿ ಓಡಾಟ, ರಸ್ತೆ ಅಪಘಾತದ ಜೊತೆ ಬೆಟ್ಟದ ಮಣ್ಣನ್ನೂ ನೋಡಿ. 2018ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದು ಯಾರೂ ಮರೆತಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಎಲ್ಗಾನ್ ಬೆಟ್ಟದ ಬುಡುಡಾದಲ್ಲೂ ಗುಡ್ಡ ಕುಸಿದು ಜನ ಸತ್ತರು. ಅಲ್ಲಿ 2010ರಲ್ಲೂ ದೊಡ್ಡ ಕುಸಿತ ಆಗಿತ್ತು. ಮನೆ ಬಾಡಿಗೆಗೆ ಹಿಡಿಯುವಾಗ ಹಿಂದಿನ ಗುಡ್ಡ ಹೇಗಿದೆ ಅಂತ ನೋಡಬೇಕು ಅನ್ನುವುದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಕವನ್ನು ಒಬ್ಬರೇ ಹಾಕಬೇಡಿ. ಮೂವರು ಬೇರೆ ಬೇರೆಯಾಗಿ ಹಾಕಲಿ: ಎಚ್‌ಆರ್‌ನಿಂದ ಒಬ್ಬರು, ಆ ಊರಿಗೆ ಹೋಗಿ ಬಂದವರೊಬ್ಬರು, ಅಲ್ಲಿಗೆ ಹೋಗಲು ಯಾವ ಸಾಧ್ಯತೆಯೂ ಇಲ್ಲದವರೊಬ್ಬರು. ನಮ್ಮಲ್ಲಿ ಮೂರನೆಯವರು ಅಕೌಂಟ್ಸ್‌ನ ಒಬ್ಬ ಹಿರಿಯರು. ಯಾವುದಾದರೂ ಒಂದು ಬಾಬಿನಲ್ಲಿ ಮೂವರ ನಡುವೆ ನಾಲ್ಕು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕೂತು ಮಾತಾಡುತ್ತೇವೆ. ಸುಮ್ನೆ ಸರಾಸರಿ ತೆಗೆಯುವುದಿಲ್ಲ. ಯಾಕೆಂದರೆ ಅಷ್ಟು ವ್ಯತ್ಯಾಸ ಬಂದಿದೆ ಅಂದರೆ ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ ಅಂತ ಅರ್ಥ.

ಎಲ್ಗಾನ್ ಸೈಟಿಗೆ ನಮ್ಮ ಮೊದಲ ಲೆಕ್ಕ ಹೀಗೆ ಬಂತು: ಆರೋಗ್ಯ 14, ಭದ್ರತೆ 6, ದೂರ 9, ಮನೆ-ನೀರು-ಕರೆಂಟು 8, ಕುಟುಂಬ 9, ಹವೆ 1, ಊಟ-ಭಾಷೆ 3. ಒಟ್ಟು 50.

ಹೆಜ್ಜೆ 4: ಸರಿಮಾಡಬಹುದಾದ್ದನ್ನು ಮೊದಲು ಸರಿಮಾಡಿ

ಅಂಕ ಬಂದ ತಕ್ಷಣ ದುಡ್ಡಿಗೆ ಇಳಿಯಬೇಡಿ. ಒಂದೊಂದು ಅಂಕವನ್ನೂ ನೋಡಿ: ಇದನ್ನು ತೆಗೆದುಹಾಕಲು ಆಗುತ್ತಾ?

ನಮ್ಮ ಸೈಟಿನಲ್ಲಿ ಆಗುತ್ತಿತ್ತು. ಒಂದು ಸಣ್ಣ ಜನರೇಟರ್, ಒಂದು ಇನ್ವರ್ಟರ್, ನೀರಿನ ಫಿಲ್ಟರ್, ಕಿಟಕಿಗಳಿಗೆ ಜಾಲರಿ, ಮಲಗುವಲ್ಲಿ ಔಷಧಿ ಹಾಕಿದ ಸೊಳ್ಳೆ ಪರದೆ. ಜೊತೆಗೆ ರಾತ್ರಿ ಕರೆದರೂ ಬರುವ ಒಬ್ಬ ಡ್ರೈವರ್‌ನ ಜೊತೆ ತಿಂಗಳ ಒಪ್ಪಂದ, ಮತ್ತು ವಿಮಾನದಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚನ್ನೂ ಕೊಡುವ ವಿಮೆ. ಇಷ್ಟು ಮಾಡಿದ ಮೇಲೆ ಆರೋಗ್ಯ 14ರಿಂದ 11ಕ್ಕೆ, ಮನೆಯ ಅಂಕ 8ರಿಂದ 4ಕ್ಕೆ ಇಳಿಯಿತು. ಒಟ್ಟು 43.

"ಓಹೋ, ಜನರೇಟರ್ ಕೊಟ್ಟು ಭತ್ಯೆ ಕಿತ್ತುಕೊಳ್ಳೋ ಉಪಾಯ" ಅಂತ ಒಬ್ಬ ಹೇಳಿಯೇಬಿಟ್ಟ. ಅವನು ಅನುಮಾನ ಪಡುವುದರಲ್ಲಿ ತಪ್ಪೇನಿಲ್ಲ. ಅದಕ್ಕೇ ಎರಡು ನಿಯಮ ಮಾಡಿದೆವು. ಒಂದು, ಸಾಮಾನು ಬಂದು ಕೂತು, ಒಂದು ತಿಂಗಳು ಸರಿಯಾಗಿ ಓಡಿದ ಮೇಲೆಯೇ ಅಂಕ ಇಳಿಸುವುದು. ಆರ್ಡರ್ ಹಾಕಿದ ದಿನ ಅಲ್ಲ. ಎರಡು, ಅದು ಕೆಟ್ಟು ಹದಿನೈದು ದಿನದೊಳಗೆ ರಿಪೇರಿ ಆಗದಿದ್ದರೆ ಹಳೆಯ ಅಂಕ ತಾನಾಗಿ ವಾಪಸ್. ಈ ಎರಡನೆಯ ನಿಯಮ ಬಂದ ಮೇಲೆ ನಮ್ಮ ಖರೀದಿ ವಿಭಾಗ ಬಿಡಿಭಾಗಗಳನ್ನು ಎಷ್ಟು ಬೇಗ ಕಳಿಸುತ್ತದೆ ಅಂತ ನೋಡಬೇಕಿತ್ತು ನೀವು!

ಕೆಲವು ಕಷ್ಟಕ್ಕೆ ಸಾಮಾನೂ ಬೇಡ, ದುಡ್ಡೂ ಬೇಡ, ವೇಳೆ ಬದಲಾಯಿಸಿದರೆ ಸಾಕು. ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಅಂತ ಕಾನೂನೇ ಇದೆ. ಅದನ್ನು ಮೀರಿ ದುಡಿಸಿ, ಮೇಲೆ ಭತ್ಯೆ ಕೊಟ್ಟೆ ಅನ್ನುವುದು ನ್ಯಾಯ ಅಲ್ಲ.

ಹೆಜ್ಜೆ 5: ಅಂಕದಿಂದ ರೂಪಾಯಿಗೆ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. "ಮೂಲವೇತನದ ಶೇ 20" ಅಂತ ಬರೆದುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಮೂಲವೇತನ 24,000 ಇರುವ ಫಿಟ್ಟರ್‌ಗೆ 4,800 ರೂಪಾಯಿ. 90,000 ಇರುವ ಮ್ಯಾನೇಜರ್‌ಗೆ 18,000. ಇಬ್ಬರೂ ಕುಡಿಯುವುದು ಅದೇ ನೀರು. ಸಾಲದ್ದಕ್ಕೆ ಮ್ಯಾನೇಜರ್ ತಿಂಗಳಲ್ಲಿ ಹತ್ತು ದಿನ ಕಂಪಾಲಾದ ಹೋಟೆಲಿನಲ್ಲಿರುತ್ತಾರೆ.

ಇದಕ್ಕೆ ದಾರಿ ಹುಡುಕುತ್ತಿದ್ದಾಗ ಸಿಕ್ಕಿದ್ದು ನಮ್ಮ ಜಿಲ್ಲೆಯ ಮನೆಮನೆಗೂ ಗೊತ್ತಿರುವ ಲೆಕ್ಕ: ಸೈನ್ಯದ್ದು. ಕೇಂದ್ರದ ಏಳನೇ ವೇತನ ಆಯೋಗ ಅಪಾಯಕ್ಕೆ ಮೂರು ಮಟ್ಟ, ಕಷ್ಟಕ್ಕೆ ಮೂರು ಮಟ್ಟ ಇಟ್ಟು ಒಂಬತ್ತು ಚೌಕಗಳ ಒಂದು ಕೋಷ್ಟಕ ಮಾಡಿತು. ಸಿಯಾಚಿನ್ ಅದಕ್ಕೂ ಮೇಲೆ, ಬೇರೆಯೇ ಚೌಕದಲ್ಲಿ. 2017ರ ಜುಲೈ 1ರಿಂದ ಸಿಯಾಚಿನ್ ಭತ್ಯೆ ಜವಾನರಿಗೆ ತಿಂಗಳಿಗೆ 14,000ದಿಂದ 30,000ಕ್ಕೆ, ಅಧಿಕಾರಿಗಳಿಗೆ 21,000ದಿಂದ 42,500ಕ್ಕೆ ಏರಿತು. ಸಂಬಳದ ಶೇಕಡಾವಾರು ಅಲ್ಲ, ನೇರ ಮೊತ್ತ. ಜವಾನನ ಸಂಬಳಕ್ಕೂ ಹಿರಿಯ ಅಧಿಕಾರಿಯ ಸಂಬಳಕ್ಕೂ ಎಷ್ಟೋ ಪಟ್ಟು ಅಂತರ ಇದ್ದರೂ ಹಿಮದ ದುಡ್ಡಿನಲ್ಲಿ ಅಂತರ ಸುಮಾರು 1.4 ಪಟ್ಟು ಮಾತ್ರ. ಆ ಅಂತರವೂ ಯಾಕೆ ಅಂತ ಕೇಳುವವರಿದ್ದಾರೆ. ನಾನೂ ಕೇಳುತ್ತೇನೆ. ಆದರೆ ಮೇಲೆ ಹೇಳಿದ ಫಿಟ್ಟರ್, ಮ್ಯಾನೇಜರ್ ನಡುವಿನ ಹತ್ತಿರ ಹತ್ತಿರ ನಾಲ್ಕು ಪಟ್ಟು ಅಂತರಕ್ಕಿಂತ ಇದು ಎಷ್ಟೋ ವಾಸಿ. ವಿಶ್ವಸಂಸ್ಥೆಯದ್ದೂ ದರ್ಜೆವಾರು ನೇರ ಮೊತ್ತವೇ.

ನಾವು ಅದೇ 1.4 ಇಟ್ಟುಕೊಂಡೆವು. ಅಂಕ 19ರವರೆಗೆ ಭತ್ಯೆ ಇಲ್ಲ. 20ರಿಂದ 34 ಮೊದಲ ಮಟ್ಟ: ಫಿಟ್ಟರ್, ಆಪರೇಟರ್, ಸೂಪರ್‌ವೈಸರ್‌ಗಳಿಗೆ 10,000, ಎಂಜಿನಿಯರ್ ಮತ್ತು ಮ್ಯಾನೇಜರ್‌ಗಳಿಗೆ 14,000. 35ರಿಂದ 49 ಎರಡನೇ ಮಟ್ಟ: 15,000 ಮತ್ತು 21,000. 50ರಿಂದ 64 ಮೂರನೇ ಮಟ್ಟ: 22,500 ಮತ್ತು 31,500. ಅರವತ್ತೈದು ಮುಟ್ಟಿದ ಊರಿಗೆ ಕಳಿಸುವುದೇ ಇಲ್ಲ. ಮಾಲೀಕರೇ ಸಹಿ ಹಾಕಿದರೆ ಮಾತ್ರ, ಅದೂ ಹೋಗುವವನು ಒಪ್ಪಿದರೆ ಮಾತ್ರ.

ಮೊತ್ತಗಳು ನಮ್ಮ ಕಂಪನಿಯ ಜೇಬಿಗೆ ತಕ್ಕವು. ನಿಮ್ಮದು ಬೇರೆ ಇರಬಹುದು. ಮೊದಲ ಮಟ್ಟದ ಮೊತ್ತ ಎಷ್ಟಿರಬೇಕು ಅಂತ ತೀರ್ಮಾನಿಸಲು ನಾನು ಮಾಡಿದ್ದು ಇಷ್ಟೇ: ಹೋಗಿ ಬಂದ ಆರು ಜನರನ್ನು ಒಬ್ಬೊಬ್ಬರಾಗಿ ಕರೆದು "ಎಷ್ಟು ಕೊಟ್ಟರೆ ಮತ್ತೆ ಹೋಗುತ್ತೀರಿ?" ಅಂತ ಕೇಳಿದೆ. ಒಬ್ಬ "ಲಕ್ಷ" ಅಂದ. ಅವನನ್ನು ಬಿಟ್ಟು ಉಳಿದ ಐವರ ಉತ್ತರಗಳು ಆಶ್ಚರ್ಯವಾಗುವಷ್ಟು ಹತ್ತಿರ ಇದ್ದವು.

ಯಾವ ನಾಣ್ಯದಲ್ಲಿ ಕೊಡುವುದು? ಕಷ್ಟಭತ್ಯೆ ರೂಪಾಯಿಯಲ್ಲೇ ಇರಲಿ, ಊರಲ್ಲಿ ಉಳಿಯುವ ದುಡ್ಡು ಅದು. ಅಲ್ಲಿನ ಖರ್ಚಿನ ಭತ್ಯೆ ಅಲ್ಲಿನ ನಾಣ್ಯದಲ್ಲೋ ಡಾಲರ್‌ನಲ್ಲೋ ಹೋಗಲಿ.

ಹೆಜ್ಜೆ 6: ಅಪಾಯ ಅಂದರೆ ಬೇರೆ

2023ರ ಏಪ್ರಿಲ್ 15ರಂದು ಸುಡಾನಿನ ಖಾರ್ಟೂಮ್‌ನಲ್ಲಿ ಎರಡು ಪಡೆಗಳ ನಡುವೆ ಕಾಳಗ ಶುರುವಾಯಿತು. ಹಿಂದಿನ ದಿನದವರೆಗೆ ಅದು ಸೆಖೆ, ಧೂಳು ಇರುವ ಒಂದು ಕಷ್ಟದ ಊರು. ಮಾರನೆ ದಿನ ಯುದ್ಧಭೂಮಿ. ಹತ್ತು ದಿನದೊಳಗೆ ಭಾರತ ಸರ್ಕಾರ ತನ್ನವರನ್ನು ಕರೆತರಲು ಹೊರಟಿತು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಆಪರೇಷನ್ ಕಾವೇರಿ. ನಮ್ಮ ಕಾವೇರಿಯ ಹೆಸರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಊರು ಸೇರಿದರು. ಕರ್ನಾಟಕದ ಹಕ್ಕಿಪಿಕ್ಕಿ ಜನರೂ ಅದರಲ್ಲಿದ್ದರು.

ಅಂಥ ಕಡೆ "ಇನ್ನೈದು ಸಾವಿರ ಜಾಸ್ತಿ ಕೊಡುತ್ತೇವೆ, ಇರಿ" ಅನ್ನುವುದು ಭತ್ಯೆ ಅಲ್ಲ, ಜೂಜು. ಅಪಾಯಕ್ಕೆ ಬೇರೆಯೇ ಆದೇಶ ಬರೆಯಿರಿ. ಅದರಲ್ಲಿ ಮೊತ್ತಕ್ಕಿಂತ ಮೊದಲು ಬರಬೇಕಾದ್ದು ವಾಪಸ್ ಕರೆಸುವ ಷರತ್ತು: ಏನಾದರೆ ಕರೆಸುತ್ತೀರಿ, ಯಾರು ತೀರ್ಮಾನ ಮಾಡುತ್ತಾರೆ, ಟಿಕೆಟ್ ಯಾರು ತೆಗೆಯುತ್ತಾರೆ. ನೌಕರ ತಾನೇ "ನಾನು ಬರುತ್ತೇನೆ" ಅಂದರೆ ಅದನ್ನು ಕೆಲಸ ಬಿಟ್ಟದ್ದು ಅಂತ ಪರಿಗಣಿಸುವುದಿಲ್ಲ ಅಂತಲೂ ಬರೆಯಿರಿ. ಹೋದವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ್ದಾರಾ ಅಂತ ಮೊದಲ ವಾರವೇ ಕೇಳಿ.

ಹೆಜ್ಜೆ 7: ಮನೆ, ಮಕ್ಕಳು, ಹುತ್ತರಿ

ನಾನು ಭತ್ಯೆ ಪಟ್ಟಿ ಮಾಡಿದಾಗ ದುಡ್ಡೇ ದೊಡ್ಡದು ಅಂದುಕೊಂಡಿದ್ದೆ. ಹೋಗಿ ಬಂದವರು ಹೇಳಿದ್ದು ಬೇರೆ. ಒಬ್ಬ ಆಪರೇಟರ್ ನನ್ನ ಮೇಜಿನ ಮೇಲೆ ಫೋನ್ ಇಟ್ಟು ಒಂದು ವಿಡಿಯೋ ತೋರಿಸಿದ. ಅವರ ಮನೆಯ ಹುತ್ತರಿ, ಕೊಡಗಿನ ಸುಗ್ಗಿ ಹಬ್ಬ. ಗದ್ದೆಯಲ್ಲಿ ಕದಿರು ತೆಗೆಯುತ್ತಿದ್ದಾರೆ, ತೋಕ್ (ಕೋವಿ) ಸದ್ದಾಗುತ್ತದೆ, "ಪೊಲಿ ಪೊಲಿಯೇ ದೇವಾ" ಅಂತ ಕೂಗು. ವಿಡಿಯೋ ಎರಡು ಕಡೆ ನಿಂತು ನಿಂತು ಹೋಗುತ್ತದೆ, ಅಲ್ಲಿ ನೆಟ್ ಕಟ್ಟಾಗಿತ್ತಂತೆ. "ಎರಡು ವರ್ಷ ಹೀಗೇ ನೋಡಿದೆ ಮೇಡಂ" ಅಂದ. ಭತ್ಯೆ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ.

ಆಮೇಲೆ ನಿಯಮ ಬದಲಾಯಿಸಿದೆವು. ಎರಡನೇ ಮಟ್ಟಕ್ಕೆ ವರ್ಷಕ್ಕೆ ಒಂದು ಸಲ, ಮೂರನೇ ಮಟ್ಟಕ್ಕೆ ಎರಡು ಸಲ ಊರಿಗೆ ಬರುವ ರಜೆ ಮತ್ತು ಟಿಕೆಟ್. ಯಾವ ತಿಂಗಳು ಅಂತ ನೌಕರನೇ ಆರಿಸಬಹುದು: ಹುತ್ತರಿಯೋ, ಕೈಲ್‌ಪೊಳ್ದೋ, ರಂಜಾನೋ, ಕ್ರಿಸ್‌ಮಸ್ಸೋ. ಟಿಕೆಟ್ ಬೆಂಗಳೂರಿನವರೆಗೆ ಅಲ್ಲ, ಮನೆ ಬಾಗಿಲವರೆಗೆ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣವೇ ಹತ್ತಿರ. ಬೆಂಗಳೂರೇ ಆಗಬೇಕು ಅಂತ ಹಟ ಬೇಡ. ರಜೆ ತೆಗೆದುಕೊಳ್ಳದೆ ದುಡ್ಡು ಕೊಡಿ ಅಂದರೆ ಕೊಡುವುದಿಲ್ಲ. ಕಷ್ಟದ ಊರಿನಿಂದ ಮನುಷ್ಯ ಹೊರಗೆ ಬರಲೇಬೇಕು. ಅದರ ಮಧ್ಯೆ ಮೂರು ತಿಂಗಳಿಗೊಮ್ಮೆ ನಾಲ್ಕು ದಿನ ಹತ್ತಿರದ ದೊಡ್ಡ ಊರಿಗೆ ಹೋಗಿ ಬರಲು ಖರ್ಚು ಕೊಡುತ್ತೇವೆ.

ಮಕ್ಕಳನ್ನು ಕರೆದೊಯ್ಯಲು ಆಗದ ಊರಾದರೆ ಎರಡು ಸಂಸಾರದ ಖರ್ಚು ಬೀಳುತ್ತದೆ. ಅದಕ್ಕೆ ಬೇರೆ ಸಾಲಿನಲ್ಲಿ ಒಂದು ಮೊತ್ತ ಇರಲಿ. ಮದುವೆಯಾಗದವರಿಗೂ ಅಪ್ಪ ಅಮ್ಮ ಇರುತ್ತಾರೆ ಅನ್ನುವುದನ್ನು ಮರೆಯಬೇಡಿ.

ಹೆಜ್ಜೆ 8: ತೆರಿಗೆ, ಪಿಎಫ್, ಪಾಸ್‌ಪೋರ್ಟ್, ಚುಚ್ಚುಮದ್ದು

ತೆರಿಗೆಯ ಲೆಕ್ಕದಲ್ಲಿ ಖಾಸಗಿ ಕಂಪನಿಯ ಕಷ್ಟಭತ್ಯೆ ಸಂಬಳದ ಭಾಗ, ತೆರಿಗೆ ಬೀಳುತ್ತದೆ. ಸರ್ಕಾರಿ ನೌಕರರಿಗೆ ಹೊರದೇಶದ ಭತ್ಯೆಗೆ ಇರುವ ವಿನಾಯಿತಿ ನಮಗಿಲ್ಲ. ಕೆಲಸಕ್ಕೆಂದು ಹೊರಟ ಭಾರತೀಯ ಆ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಸಾಮಾನ್ಯವಾಗಿ ಅನಿವಾಸಿ ಆಗುತ್ತಾನೆ, ಆಗ ಲೆಕ್ಕ ಬೇರೆ. ದುಡ್ಡು ಯಾವ ದೇಶದ ಖಾತೆಗೆ ಬೀಳುತ್ತದೆ ಅನ್ನುವುದರಿಂದಲೂ ವ್ಯತ್ಯಾಸ ಆಗುತ್ತದೆ. ಅಲ್ಲೂ ತೆರಿಗೆ, ಇಲ್ಲೂ ತೆರಿಗೆ ಆಗದಂತೆ ಆಡಿಟರ್ ಜೊತೆ ಹೊರಡುವ ಮೊದಲೇ ಕೂತು ಮಾತಾಡಿ. ಪಟ್ಟಿಯಲ್ಲಿ ಬರೆದ ಮೊತ್ತ ತೆರಿಗೆಗೆ ಮೊದಲೋ ನಂತರವೋ ಅಂತ ಸ್ಪಷ್ಟವಾಗಿರಲಿ. ಪಿಎಫ್ ಕಡಿತ ಯಾವ ಯಾವ ಭಾಗಕ್ಕೆ ಅನ್ನುವುದನ್ನೂ ಅದೇ ದಿನ ಕೇಳಿ ಬರೆದುಕೊಳ್ಳಿ.

ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಇಸಿಆರ್ ಅಂತ ಇರುತ್ತದೆ. ಕುವೈತ್, ಸೌದಿ, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ವಲಸೆ ಅನುಮತಿ ಬೇಕು. ನಮ್ಮ ಒಳ್ಳೆಯ ವೆಲ್ಡರ್‌ಗಳಲ್ಲಿ ಇಂಥವರು ಇದ್ದಾರೆ, ಕೊನೆ ಗಳಿಗೆಯಲ್ಲಿ ಪರದಾಡಬೇಡಿ. ಉಗಾಂಡಾ, ಇಥಿಯೋಪಿಯಾಕ್ಕೆ ಹೋಗುವವರಿಗೆ ಹಳದಿ ಜ್ವರದ ಚುಚ್ಚುಮದ್ದು ಬೇಕು. ಹಾಕಿಸಿ ಹತ್ತು ದಿನ ಆದ ಮೇಲೆ ಪ್ರಮಾಣಪತ್ರ ಜಾರಿಗೆ ಬರುತ್ತದೆ, ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ವಾಪಸ್ ಬಂದರೆ ವಿಮಾನ ನಿಲ್ದಾಣದಿಂದ ಸೀದಾ ಕ್ವಾರಂಟೈನ್. ಇದರ ಖರ್ಚೆಲ್ಲ ಕಂಪನಿಯದ್ದು, ಭತ್ಯೆಯಿಂದ ಕಳೆಯುವಂತಿಲ್ಲ.

ಹೆಜ್ಜೆ 9: ಒಂದು ಹಾಳೆಯ ಆದೇಶ

ಎಲ್ಲವನ್ನೂ ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ ಬರೆದು ಕೊಡಿ. ನಮ್ಮದು ಹೀಗಿದೆ: "ಈ ಊರಿನ ಅಂಕ 43, ಎರಡನೇ ಮಟ್ಟ. ನಿಮಗೆ ತಿಂಗಳಿಗೆ 15,000 ರೂಪಾಯಿ ಕಷ್ಟಭತ್ಯೆ, ತೆರಿಗೆಗೆ ಮೊದಲು. ಅಲ್ಲಿಗೆ ತಲುಪಿದ ದಿನದಿಂದ ಶುರು, ಹೊರಟ ದಿನಕ್ಕೆ ಮುಗಿಯುತ್ತದೆ. ಸತತ 30 ದಿನಕ್ಕಿಂತ ಹೆಚ್ಚು ಆ ಊರಿನ ಹೊರಗಿದ್ದರೆ ಹೆಚ್ಚಿನ ದಿನಗಳಿಗೆ ಇಲ್ಲ. ಇದು ಸಂಬಳ ಅಲ್ಲ, ಊರು ಬದಲಾದರೆ ಬದಲಾಗುತ್ತದೆ." ಹಿಂದಿನ ಪುಟದಲ್ಲಿ ಏಳು ಬಾಬಿನ ಅಂಕಗಳು.

ಅಂಕಗಳನ್ನು ತೋರಿಸಲು ಮಾಲೀಕರು ಹಿಂಜರಿದರು. "ಎಲ್ಲರೂ ಜಗಳಕ್ಕೆ ಬರ್ತಾರೆ" ಅಂದರು. ಬಂದರು, ನಿಜ. ಆದರೆ ಜಗಳದ ವಿಷಯ ಬದಲಾಯಿತು. ಮೊದಲು "ಅವನಿಗೆ ಯಾಕೆ ಜಾಸ್ತಿ?" ಅಂತಿತ್ತು. ಈಗ "ಆಸ್ಪತ್ರೆಗೆ ಮೂರು ಗಂಟೆ ಅಂತ ಬರೆದಿದ್ದೀರಿ, ಮಳೆಗಾಲದಲ್ಲಿ ಐದು ಗಂಟೆ ಆಗುತ್ತೆ" ಅಂತ ಬರುತ್ತಾರೆ. ಇಂಥ ಜಗಳ ನನಗೆ ಬೇಕು. ಮಳೆಗಾಲದ ವಿಷಯ ಹೇಳಿದವನ ಮಾತು ಸರಿಯಾಗಿತ್ತು, ಆರೋಗ್ಯಕ್ಕೆ ಎರಡು ಅಂಕ ಏರಿಸಿದೆವು. ಒಟ್ಟು 45 ಆಯಿತು, ಮಟ್ಟ ಬದಲಾಗಲಿಲ್ಲ. ಅವನೂ ಒಪ್ಪಿಕೊಂಡ.

ಹೆಜ್ಜೆ 10: ಮತ್ತೆ ಅಳೆಯಿರಿ, ಇಳಿಸುವಾಗ ನಿಧಾನ

ವರ್ಷಕ್ಕೊಮ್ಮೆ ಎಲ್ಲ ಊರಿಗೂ ಅಂಕ ಮತ್ತೆ ಹಾಕಿ. ಗಲಾಟೆ, ಪ್ರವಾಹ, ಸಾಂಕ್ರಾಮಿಕ, ಇಂಟರ್ನೆಟ್ ಬಂದ್ ಏನಾದರೂ ಆದರೆ ಕಾಯದೆ ಆ ವಾರವೇ ಹಾಕಿ. ಏರಿದರೆ ಏರಿದ ದಿನದಿಂದಲೇ ಕೊಡಿ. ಇಳಿದರೆ ಮೂರು ತಿಂಗಳ ನೋಟಿಸ್ ಕೊಟ್ಟು ಇಳಿಸಿ.

ಈ ಮೂರು ತಿಂಗಳು ಯಾಕೆ ಅಂದರೆ, ನಮ್ಮ ಒಬ್ಬ ಸೂಪರ್‌ವೈಸರ್ ಭತ್ಯೆ ನಂಬಿ ಸೋಮವಾರಪೇಟೆಯಲ್ಲಿ ಕಾರು ತೆಗೆದುಕೊಂಡಿದ್ದ. ತಿಂಗಳ ಕಂತು ಭತ್ಯೆಯಷ್ಟೇ ಇತ್ತು. ಪ್ರಾಜೆಕ್ಟ್ ಬೇಗ ಮುಗಿದು ವಾಪಸ್ ಬಂದ. ಭತ್ಯೆ ನಿಂತಿತು, ಕಂತು ನಿಲ್ಲಲಿಲ್ಲ. ಕಾರು ಮಾರಿದ, ಆಮೇಲೆ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಈಗ ಹೊರಡುವವರಿಗೆಲ್ಲ ನಾನೇ ಹೇಳುತ್ತೇನೆ, ಭತ್ಯೆಗೆ ಬೇರೆ ಉಳಿತಾಯ ಖಾತೆ ತೆರೆಯಿರಿ, ಸಾಲದ ಅರ್ಜಿಯಲ್ಲಿ ಅದನ್ನು ಆದಾಯ ಅಂತ ತೋರಿಸಬೇಡಿ. ಅವಧಿಗೆ ಮೊದಲೇ ಕಂಪನಿಯೇ ವಾಪಸ್ ಕರೆಸಿದರೆ ಒಂದು ತಿಂಗಳ ಪೂರ್ತಿ ಭತ್ಯೆ, ಮುಂದಿನ ತಿಂಗಳು ಅರ್ಧ ಕೊಡುತ್ತೇವೆ.

ವಾಪಸ್ ಬಂದವರನ್ನು ಹದಿನೈದು ದಿನ ಬಿಟ್ಟು ಕೂರಿಸಿಕೊಂಡು ಮಾತಾಡಿ. ಬಂದ ವಾರವೇ ಕೇಳಿದರೆ ಎಲ್ಲ "ಚೆನ್ನಾಗಿತ್ತು ಮೇಡಂ" ಅನ್ನುತ್ತಾರೆ. ಏಳು ಬಾಬಿನ ಖಾಲಿ ಹಾಳೆಯನ್ನು ಅವರ ಕೈಗೇ ಕೊಡಿ, ಕಂಪನಿ ಹಾಕಿದ ಅಂಕ ತೋರಿಸದೆ. ಅವರು ಹಾಕಿದ ಅಂಕವೂ ನಿಮ್ಮದೂ ಹತ್ತಕ್ಕಿಂತ ಜಾಸ್ತಿ ದೂರ ಇದ್ದರೆ ಮುಂದಿನ ಹುಡುಗನ ವೀಸಾಕ್ಕೆ ಅರ್ಜಿ ಹಾಕುವ ಮೊದಲು ಆ ಊರಿನ ಲೆಕ್ಕವನ್ನು ಇನ್ನೊಮ್ಮೆ ತೆರೆಯಿರಿ.